ಪಂಚಮಿ ಜೋಕಾಲಿ ಮತ್ತು ಎಪ್ಪತ್ತೊಂದರ ಆಯಿ: ಒಂದು ಪ್ರಕರಣ ಅಧ್ಯಯನ

ಧಾರವಾಡ, ಗದಗ, ಬಾಗಲಕೋಟೆ ಕಡೆ ಶ್ರಾವಣ ಶುದ್ಧ ಪಂಚಮಿ ಎಂದರೆ ದೊಡ್ಡವರೂ ಆಡಬಹುದಾದ ಹಬ್ಬ. ಮಕ್ಕಳಿರುವ ಹೆಂಗಸು ತವರಿಗೆ ಬಂದು ಜೋಕಾಲಿ ಜೀಕಿದರೆ ಯಾರೂ ಹುಬ್ಬೇರಿಸುವುದಿಲ್ಲ. ಗಂಡಸರು ಲಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟುತ್ತಾರೆ, ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತಾರೆ. ಆದರೆ ಈ ಪರವಾನಗಿಗೂ ಒಂದು ಅವಧಿ ಇದೆ. ಮೊಮ್ಮಕ್ಕಳು ಬಂದ ಮೇಲೆ ಅಜ್ಜಿಯ ಪಾಲಿಗೆ ಉಳಿಯುವುದು ಉಂಡಿ ಕಟ್ಟುವುದು, ಜೋಕಾಲಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವುದು, ಹುಡುಗರಿಗೆ "ಸಾವಕಾಶ" ಎಂದು ಕೂಗುವುದು.

ಅಂಥ ಒಬ್ಬ ಆಯಿಯನ್ನು ಮತ್ತೆ ಮಣೆಯ ಮೇಲೆ ಕೂರಿಸಿದ ಬಗೆ ಇಲ್ಲಿದೆ. ಈಕೆ ಯಾವುದೋ ಒಂದು ಮನೆಯವರಲ್ಲ. ಹಿರಿಯರಿರುವ ಮನೆಗಳಲ್ಲಿ ಮತ್ತೆಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬರ ಸುತ್ತ ಕೂಡಿಸಿದ ಮಾದರಿ ಪ್ರಕರಣ ಇದು. ಅಳತೆ, ಭಾರ, ವೇಗದ ಲೆಕ್ಕಗಳು ಮಾತ್ರ ಯಾವ ಮನೆಗೂ ಹೊಂದುವಂಥವು.

ಸನ್ನಿವೇಶ

ಧಾರವಾಡದ ಅಂಚಿನ ಒಂದು ಬಡಾವಣೆ. ಆಯಿಗೆ 71 ವರ್ಷ, ಎತ್ತರ 152 ಸೆಂ.ಮೀ., ತೂಕ 64 ಕೆ.ಜಿ. ಎರಡೂ ಮೊಣಕಾಲಲ್ಲಿ ಸವೆತದ ನೋವು. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ. ಹಳ್ಳಿಯ ತವರಿನಲ್ಲಿ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಎದುರುಬದುರು ನಿಂತು ಜೀಕಿ ಬೆಳೆದವರು. ಕಡೆಯ ಸಲ ಹತ್ತಿದ್ದು ಮಗ ಶಾಲೆಗೆ ಹೋಗುವ ಮೊದಲು.

ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಒಂದು ಬೇವಿನ ಮರ ಇದೆ. ಹುಡುಗರಿಗೆಂದು ಅಲ್ಲಿ ಜೋಕಾಲಿ ಕಟ್ಟುವ ಮಾತು ಬಂದಾಗ ಆಯಿ, "ನಾನೂ ಒಂದೀಟು ಕುಂದರತೀನಿ" ಎಂದರು. ಮಗ, "ಯವ್ವಾ, ಬಿದ್ದರ ಏನ ಮಾಡೂದು?" ಎಂದ. ಸೊಸೆ, "ಮಂದಿ ಏನಂದಾರು ಅತ್ತಿ" ಎಂದಳು. ಆಯಿ ಕೂಡಲೇ ಮಾತು ತಿರುಗಿಸಿದರು: "ನಂದೇನೈತಿ ಬಿಡ್ರಿ, ಹುಡುಗರು ಆಡ್ಲಿ."

ಮೂರು ಮಾತಿನಲ್ಲಿ ಮೂರು ಬೇರೆ ಅಡ್ಡಿಗಳಿವೆ. ಮಗನದು ಪೆಟ್ಟಿನ ಭಯ, ಸೊಸೆಯದು ಮಂದಿಯ ಭಯ, ಆಯಿಯದು ತಾನು ಹೊರೆಯಾದೇನೆಂಬ ಸಂಕೋಚ. ಮೂರಕ್ಕೂ ಒಂದೇ ಮದ್ದೆಂದು "ಏನೂ ಆಗೂದಿಲ್ಲ, ಹತ್ತಿಸ್ರಿ" ಎಂದು ಹುರಿದುಂಬಿಸುವವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರೆ. ಪೆಟ್ಟಾಗುವುದು ಸಾಮಾನ್ಯವಾಗಿ ಅವರ ಮಾತು ಕೇಳಿದಾಗ.

ಮಗನ ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು. ಆದರೆ ಆ ಭಯ ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿರಲಿಲ್ಲ. ಮಗ ಹೆದರಿದ್ದು ತೂಗುವಾಗ ಬಿದ್ದಾರೆಂದು. ಹಿರಿಯರ ಜೋಕಾಲಿಯಲ್ಲಿ ಅಪಾಯ ಹೆಚ್ಚಿರುವುದು ಹತ್ತುವಾಗ, ಇಳಿಯುವಾಗ, ಮತ್ತು ಒಂದು ಕೈ ಬಿಟ್ಟಾಗ.

ಮೊದಲು ಆಯಿಯ ಪರೀಕ್ಷೆ

ಮರ, ಹಗ್ಗ ನೋಡುವ ಮೊದಲು ಆಯಿಯ ಕಾಲು ನೋಡಬೇಕು. ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಮೊದಲನೆಯದಕ್ಕೆ ಕೈಯಿಲ್ಲದ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಬೇಕು. 70ರಿಂದ 74ರ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಸಂಭವ ಹೆಚ್ಚು ಎಂದು ಲೆಕ್ಕ. ಎರಡನೆಯದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ಬೇಕು.

ಆಯಿ ಎದ್ದದ್ದು 8 ಸಲ, ನಡೆದು ಬಂದದ್ದು 11 ಸೆಕೆಂಡಿನಲ್ಲಿ. ಈ ಎರಡನ್ನೂ ಸೇರಿಸಿ ಓದಬೇಕು. ನಡಿಗೆ, ಸಮತೋಲ ಚೆನ್ನಾಗಿವೆ. ಸೋತಿರುವುದು ತೊಡೆಯ ಬಲ, ಅಂದರೆ ತಗ್ಗಿನಿಂದ ಮೇಲೇಳುವ ಶಕ್ತಿ. ಇಂಥ ಫಲಿತಾಂಶ ಕಂಡ ಕೂಡಲೇ ಜೋಕಾಲಿಯೇ ಬೇಡ ಎನ್ನುವುದು ಸೋಮಾರಿ ತೀರ್ಮಾನ. ಮಣೆ ಎಷ್ಟು ಎತ್ತರ ಇರಬೇಕು, ಆಸರೆ ಎಲ್ಲಿ ಬೇಕು ಎಂಬುದನ್ನೇ ಇದು ಹೇಳುತ್ತಿದೆ.

ರಕ್ತದೊತ್ತಡವನ್ನು ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಜೋಕಾಲಿಗಿಂತ ಮೊದಲು ವೈದ್ಯರ ಹತ್ತಿರ ಹೋಗಬೇಕು. ಆಯಿಯದು 138/82 ಇದ್ದದ್ದು 130/80ಕ್ಕೆ ಬಂತು, ತೊಂದರೆಯಿಲ್ಲ. ಹಾಸಿಗೆಯಲ್ಲಿ ಮಗ್ಗುಲು ತಿರುಗಿದರೆ ತಲೆ ಸುತ್ತುವವರು, ಇತ್ತೀಚೆಗೆ ಕಣ್ಣಿನ ಅಥವಾ ಬೇರೆ ಶಸ್ತ್ರಚಿಕಿತ್ಸೆಯಾದವರು, ಬೆನ್ನುಮೂಳೆ ಮುರಿದಿದ್ದವರು, ಕಾರಣ ತಿಳಿಯದೆ ಒಮ್ಮೆಯಾದರೂ ಎಚ್ಚರ ತಪ್ಪಿದವರು ವೈದ್ಯರನ್ನು ಕೇಳದೆ ಹತ್ತಬಾರದು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರೂ ಅಷ್ಟೇ. ಅವರಿಗೆ ಸಣ್ಣ ಪೆಟ್ಟೂ ದೊಡ್ಡದಾಗಬಹುದು.

ಮರ, ಹಗ್ಗ, ಮಣೆ

ಬೇವು, ಹುಣಸೆ ಒಳ್ಳೆಯ ಮರಗಳು. ನುಗ್ಗೆಯ ಕೊಂಬೆಯನ್ನು ನಂಬಬಾರದು, ನೋಡಲು ದಪ್ಪ, ಮುರಿಯಲು ಹಗುರ. ಕೊಂಬೆ ಹಸಿಯಾಗಿರಬೇಕು, ಕಟ್ಟುವ ಜಾಗದಲ್ಲಿ ಕನಿಷ್ಠ 20 ಸೆಂ.ಮೀ. ದಪ್ಪ ಇರಬೇಕು, ಕಾಂಡಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಆದರೆ ತೂಗುವಾಗ ಕಾಂಡ ತಾಗದಷ್ಟು ದೂರ ಬೇಕು. ತೊಗಟೆಯಲ್ಲಿ ಬಿರುಕು, ಅಣಬೆ, ಇರುವೆಗಳ ಸಾಲು, ಪೊಟರೆ ಕಂಡರೆ ಆ ಕೊಂಬೆ ಬಿಡಿ. ಇಲ್ಲಿಯ ಕೊಂಬೆ ನೆಲದಿಂದ 3.15 ಮೀಟರ್ ಮೇಲಿತ್ತು. ಹಳ್ಳಿಯಲ್ಲಿ ಇದರ ಎರಡರಷ್ಟು ಎತ್ತರಕ್ಕೆ ಕಟ್ಟುತ್ತಾರೆ. ಹಿರಿಯರಿಗೆ ತಗ್ಗು ಕೊಂಬೆಯೇ ಸರಿ: ಹಗ್ಗ ಉದ್ದವಾದಷ್ಟೂ ಅದೇ ವಾಲಿಗೆ ಮಣೆಯ ವೇಗ ಹೆಚ್ಚು.

ಮೊದಲ ದಿನ ಮಗ ಕಟ್ಟಿದ್ದು ಮನೆಯಲ್ಲಿದ್ದ 8 ಮಿ.ಮೀ. ನೈಲಾನ್ ಹಗ್ಗ, ಬದಿಗೊಂದೇ ಎಳೆ. ಖಾಲಿ ಮಣೆ ನೆಲದಿಂದ 45 ಸೆಂ.ಮೀ. ಮೇಲಿತ್ತು. ಆಯಿ ಕೂತ ಕೂಡಲೇ ಅದು 36ಕ್ಕೆ ಇಳಿಯಿತು. ನೈಲಾನ್ ಹಿಗ್ಗಿತು, ಹೊಸ ಗಂಟು ಬಿಗಿಯಿತು, ಕೊಂಬೆ ಕೊಂಚ ಬಾಗಿತು. ಕುರ್ಚಿಯಿಂದಲೇ ಕಷ್ಟಪಟ್ಟು ಏಳುವವರಿಗೆ 36 ಸೆಂ.ಮೀ. ಎಂದರೆ ಕುಕ್ಕರಗಾಲಿನಿಂದ ಎದ್ದಂತೆ. ಇಬ್ಬರು ಕಂಕುಳಿಗೆ ಕೈ ಹಾಕಿ ಎಬ್ಬಿಸಬೇಕಾಯಿತು. ಕಂಕುಳು ಹಿಡಿದು ಎತ್ತುವುದು ಎತ್ತುವವರ ಬೆನ್ನಿಗೂ ಆಯಿಯ ಭುಜಕ್ಕೂ ಕೆಟ್ಟದ್ದು. ಸಾಲದ್ದಕ್ಕೆ ಸಣ್ಣ ಹಗ್ಗ ಅಂಗೈ ಕೊರೆದು ಕೆಂಪು ಗೆರೆ ಮೂಡಿಸಿತ್ತು.

ಎರಡನೆಯ ಸಲ ಆರಿಸಿದ್ದು 16 ಮಿ.ಮೀ. ನೂಲಿನ ಹೊಸ ಹಗ್ಗ, 8 ಮೀಟರಿನ ಎರಡು ತುಂಡು. ಲೆಕ್ಕ ಹೀಗೆ: ಕೊಂಬೆಗೆ ಎರಡು ಸುತ್ತು ಸುಮಾರು 1.4 ಮೀ., ಕೆಳಗಿಳಿಯಲು 2.7 ಮೀ., ಮಣೆಯ ಅಡಿಯಿಂದ ಹಾದು ಮೇಲೆ ಬರಲು 2.7 ಮೀ., ಉಳಿದದ್ದು ಮಣೆಯ ಅಗಲಕ್ಕೆ ಮತ್ತು ಗಂಟಿಗೆ. ಹೀಗೆ ಬದಿಗೆರಡು ಎಳೆ, ಒಟ್ಟು ನಾಲ್ಕು. ಕೈ ಹಿಡಿಯುವ ಎತ್ತರದಲ್ಲಿ ಎರಡೆಳೆಗಳನ್ನೂ ಸೇರಿಸಿ ಹಳೆಯ ಹತ್ತಿಬಟ್ಟೆ ಸುತ್ತಿದರೆ ಹಿಡಿ ದಪ್ಪವಾಗುತ್ತದೆ, ಗಂಟು ನೋವಿರುವ ಬೆರಳಿಗೆ ತೀರಾ ಬಿಗಿಯಬೇಕಿಲ್ಲ. ಅಟ್ಟದ ಮೇಲಿನ ಹಳೆಯ ಹಗ್ಗ ಬೇಡ. ಇಲಿ ಕಡಿದದ್ದು, ಒಳಗಿನ ಎಳೆ ಕೊಳೆತದ್ದು ಹೊರಗೆ ಕಾಣುವುದಿಲ್ಲ.

ನೂಲಿನ ಹಗ್ಗಕ್ಕೆ ಒಂದು ದೋಷ ಇದೆ, ಮಳೆಯಲ್ಲಿ ನೆನೆದರೆ ಕುಗ್ಗುತ್ತದೆ. ಶ್ರಾವಣದ ಜಿಟಿಜಿಟಿಯಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮಣೆ ಮೇಲೇರಿ ಒಂದು ಬದಿಗೆ ವಾಲಿರುತ್ತದೆ. ಆದ್ದರಿಂದ ಸಂಜೆ ಬಿಚ್ಚಿ ಒಳಗಿಡಬೇಕು, ಬೆಳಿಗ್ಗೆ ಮತ್ತೆ ಅಳೆದು ಕಟ್ಟಬೇಕು.

ಕೊಂಬೆಗೆ ಗೋಣಿಚೀಲ ಸುತ್ತಿ ಅದರ ಮೇಲೆ ಹಗ್ಗವನ್ನು ಎರಡು ಸುತ್ತು ಬಿಗಿಯಬೇಕು. ತೂಗುವಾಗ ಹಗ್ಗ ಕೊಂಬೆಯ ಮೇಲೆ ಜಾರಿ ತಿಕ್ಕಬಾರದು, ಸುತ್ತಿನ ಕೆಳಗಿನಿಂದ ಬಾಗಬೇಕು. ಸಡಿಲವಾಗಿ ಇಳಿಬಿಟ್ಟ ಹಗ್ಗ ಬೆಳಗಿನಿಂದ ಸಂಜೆಯೊಳಗೇ ನಾರು ಬಿಡುವುದುಂಟು. ಮೇಲೆ ಹಗ್ಗಗಳ ನಡುವಿನ ಅಂತರ 75 ಸೆಂ.ಮೀ., ಮಣೆಯ ಹತ್ತಿರ 55 ಇರಲಿ. ಮೇಲೆ ಅಗಲವಿದ್ದರೆ ಮಣೆ ತಿರುಚಿಕೊಳ್ಳುವುದಿಲ್ಲ.

ಹಬ್ಬದ ಮಣೆ ಸಾಮಾನ್ಯವಾಗಿ ಕಿರಿದು, ಎರಡು ತುದಿಗೆ ಕಚ್ಚು ಕೊರೆದು ಹಗ್ಗ ಕೂರಿಸಿರುತ್ತಾರೆ. ನಿಂತು ಜೀಕುವ ಹುಡುಗಿಯರಿಗೆ ಅದು ಸಾಕು. ಕೂರುವ ಹಿರಿಯರಿಗೆ ಅದು ಮುಂದಕ್ಕೆ ಮಗುಚುತ್ತದೆ. ಇಲ್ಲಿ 60 × 35 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಹಲಗೆಗೆ ನಾಲ್ಕು ಮೂಲೆಯಲ್ಲೂ ತೂತು ಕೊರೆಸಿ, ಅಂಚು ಉಜ್ಜಿಸಿದರು. ಮೇಲೆ ಹಾಸಿದ್ದು ಒರಟು ಹತ್ತಿ ಹೊದಿಕೆ, ನಾಲ್ಕು ಮೂಲೆಗೂ ಕಟ್ಟಿ. ರೇಷ್ಮೆ ಸೀರೆ ಉಟ್ಟು ನುಣುಪು ಹಲಗೆಯ ಮೇಲೆ ಕೂತರೆ ಮುಂದಕ್ಕೆ ಜಾರುವುದು ಖಚಿತ.

ಮಣೆಯ ಎತ್ತರವನ್ನು ಖಾಲಿ ಇದ್ದಾಗ ಅಳೆಯಬಾರದು, ಭಾರ ಹಾಕಿ ಅಳೆಯಬೇಕು. ಆಯಿಯ ಮೊಣಕಾಲ ಹಿಂಬದಿ ನೆಲದಿಂದ 40 ಸೆಂ.ಮೀ. ಇದೆ. ಅದಕ್ಕಿಂತ 4-5 ಸೆಂ.ಮೀ. ಮೇಲೆ, ಅಂದರೆ 44-45ರಲ್ಲಿ ಮಣೆ ನಿಲ್ಲಬೇಕು. ಇದಕ್ಕಿಂತ ತಗ್ಗಾದರೆ ಏಳಲಾಗದು, ಎತ್ತರವಾದರೆ ಪಾದ ನೆಲಕ್ಕೆ ಸಿಗದೆ ತಾವೇ ನಿಲ್ಲಿಸಿಕೊಳ್ಳಲಾಗದು.

ಕೊನೆಗೆ ಭಾರದ ಪರೀಕ್ಷೆ. ವಾಲಿದಷ್ಟೂ ಹಗ್ಗದ ಮೇಲಿನ ಎಳೆತ ಹೆಚ್ಚು. 30 ಡಿಗ್ರಿ ವಾಲಿ ಬಂದಾಗ ತಳದಲ್ಲಿ ಎಳೆತ ತೂಕದ 1.27 ಪಟ್ಟು, 60 ಡಿಗ್ರಿಗೆ ಸರಿಯಾಗಿ ಎರಡು ಪಟ್ಟು. ಆಯಿ ಮತ್ತು ಮಣೆ ಸೇರಿ 67 ಕೆ.ಜಿ. ಎಂದು ಹಿಡಿದರೆ 134 ಕೆ.ಜಿ.ಯಷ್ಟು. ಹಾಗಾಗಿ 50 ಕೆ.ಜಿ.ಯ ಎರಡು ಅಕ್ಕಿ ಮೂಟೆ, ಮೇಲೆ 30 ಕೆ.ಜಿ.ಯದೊಂದು ಮಣೆಗೆ ಬಿಗಿದು, ಅರ್ಧ ಗಂಟೆ ಬಿಟ್ಟು, ಮೆಲ್ಲಗೆ ತೂಗಿ ನೋಡಿ, ಗಂಟುಗಳನ್ನು ಮತ್ತೆ ಬಿಗಿದರು. ಪಡ್ಡೆ ಹುಡುಗರು ಜೋತು ಬಿದ್ದು "ಗಟ್ಟಿ ಐತಿ" ಎನ್ನುವುದು ಪರೀಕ್ಷೆಯಲ್ಲ. ಅವರು ಜಿಗಿದಾಡಿ ಚೆನ್ನಾಗಿದ್ದ ಹಗ್ಗವನ್ನೂ ಹಾಳು ಮಾಡುತ್ತಾರೆ.

ಮಣೆಯ ಕೆಳಗೆ, ಹಿಂದೆ ಮುಂದೆ ತಲಾ 2 ಮೀಟರ್ ಕಲ್ಲು ಆರಿಸಿ 10 ಸೆಂ.ಮೀ. ಮರಳು ಹರಡಬೇಕು. ಎರೆಮಣ್ಣು ಮಳೆಗೆ ಸಾಬೂನಿನಂತೆ ಜಾರುವ ಸೀಮೆ ಇದು. ಕೆಸರಿನ ಮೇಲೆ ಗೋಣಿಚೀಲ ಹಾಸುವುದು ಇನ್ನೂ ಕೆಟ್ಟದ್ದು, ಕಾಲಿಟ್ಟ ಕೂಡಲೇ ಚೀಲವೇ ಜಾರುತ್ತದೆ.

ಹತ್ತಿಸುವುದು, ತೂಗುವುದು, ಇಳಿಸುವುದು

ಇಬ್ಬರು ಬೇಕು. ಒಬ್ಬರು ಹಿಂದೆ ನಿಂತು ಮಣೆಯನ್ನೇ ಎರಡು ಕೈಯಿಂದ ಹಿಡಿಯಬೇಕು. ಎಲ್ಲರೂ ಮಾಡುವ ತಪ್ಪು ಹಗ್ಗ ಹಿಡಿಯುವುದು. ಹಗ್ಗ ಹಿಡಿದರೆ ಮಣೆ ನಿಲ್ಲುವುದಿಲ್ಲ, ಕೂರುವವರ ಭಾರ ಬಿದ್ದ ಕ್ಷಣ ಹಿಂದಕ್ಕೆ ಸರಿದು ಆಯಿ ಸೀದಾ ನೆಲಕ್ಕೆ ಕೂರುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ಮೊಣಕೈ ಆಸರೆಗೆ. ಆಯಿ ಹಿಮ್ಮೆಟ್ಟುತ್ತ ಮಣೆಯ ಅಂಚು ಮೊಣಕಾಲ ಹಿಂಬದಿಗೆ ತಾಗುವವರೆಗೆ ಬರಬೇಕು, ಎರಡೂ ಹಗ್ಗವನ್ನು ಭುಜದ ಎತ್ತರದಲ್ಲಿ ಹಿಡಿಯಬೇಕು, ಆಮೇಲೆ ಕೂರಬೇಕು, ಸರಿದು ಹಿಂದಕ್ಕೆ ಹೋಗಬೇಕು. ಬರಿಗಾಲು ಉತ್ತಮ. ಬೀಳದಿರಲೆಂದು ಸೊಂಟಕ್ಕೆ ಬಟ್ಟೆ ಕಟ್ಟಿ ಮಣೆಗೆ ಬಿಗಿಯುವವರಿದ್ದಾರೆ. ಅದನ್ನು ಮಾಡಲೇಬಾರದು. ಜಾರಿದರೆ ಬಿಡಿಸಿಕೊಳ್ಳಲಾಗದೆ ಮಣೆಯ ಜೊತೆ ಎಳೆದಾಡಿಸಿಕೊಳ್ಳುತ್ತಾರೆ.

ಎಷ್ಟು ತೂಗಬೇಕು? ಮಿತಿಯನ್ನು ಬಾಯಲ್ಲಿ ಹೇಳಿದರೆ ಮೊಮ್ಮಕ್ಕಳು ಕೇಳುವುದಿಲ್ಲ, ನೆಲದ ಮೇಲೆ ಬರೆದರೆ ಕೇಳುತ್ತಾರೆ. ಹಗ್ಗದ ಉದ್ದದ ಅರ್ಧದಷ್ಟು ಮಣೆ ಮುಂದೆ ಹೋದರೆ ಅದು 30 ಡಿಗ್ರಿ. ಇಲ್ಲಿ ಹಗ್ಗ 2.7 ಮೀ., ಆದ್ದರಿಂದ ಮಣೆ ನಿಂತ ಜಾಗದಿಂದ ಹಿಂದೆ ಮುಂದೆ 1.35 ಮೀಟರಿಗೆ ಒಂದೊಂದು ರಂಗೋಲಿ ಗೆರೆ. ಮಣೆ ಗೆರೆ ದಾಟಬಾರದು. ಅಷ್ಟರಲ್ಲಿ ಮಣೆ ಮೇಲೇರುವುದು 36 ಸೆಂ.ಮೀ., ತಳದಲ್ಲಿ ವೇಗ ಗಂಟೆಗೆ ಸುಮಾರು 9.5 ಕಿ.ಮೀ., ಹೋಗಿ ಬರಲು 3.3 ಸೆಕೆಂಡು. 60 ಡಿಗ್ರಿಗೆ ಹೋದರೆ ಏರುವುದು 1.35 ಮೀಟರ್, ವೇಗ 18 ದಾಟುತ್ತದೆ. ಸುಮ್ಮನೆ ಕೂತು ತೂಗಿಸಿಕೊಳ್ಳುವವರಿಗೆ ಮೊದಲನೆಯದರಲ್ಲೇ ಹೊಟ್ಟೆಯಲ್ಲಿ ಕಚಗುಳಿಯಾಗುತ್ತದೆ.

ಮೊದಲ ಒಂದೆರಡು ನಿಮಿಷ ಯಾರೂ ನೂಕಬಾರದು, ಆಯಿಯೇ ಕಾಲ್ಬೆರಳಿನಿಂದ ನೆಲ ಒತ್ತಿ ತೂಗಿಕೊಳ್ಳಲಿ. ಮೈಗೆ ಹಳೆಯ ಲಯ ಸಿಗುವುದು ಆಗ. ಆಮೇಲೆ ನೂಕುವವರು ಭುಜ ಮುಟ್ಟದೆ ಮಣೆಯ ಹಿಂದಂಚಿಗೆ ಕೈಕೊಡಬೇಕು, ಮಣೆ ಹಿಂದಿನ ತುದಿಯಲ್ಲಿ ನಿಂತ ಗಳಿಗೆಯಲ್ಲಿ. ಭುಜ ನೂಕಿದರೆ ಮೈ ಮುಂದಕ್ಕೆ ಬಾಗಿ ಹಿಡಿತ ಸಡಿಲುತ್ತದೆ. ಒಂದು ಸರದಿ ಮೂರರಿಂದ ಐದು ನಿಮಿಷ ಸಾಕು. ಕಣ್ಣು ದೂರದ ಒಂದು ವಸ್ತುವಿನ ಮೇಲಿದ್ದರೆ ತಲೆ ಸುತ್ತುವುದು ಕಡಿಮೆ.

ಹೊಟ್ಟೆಯ ಮಾತು ಹೇಳಲೇಬೇಕು. ಪಂಚಮಿಯ ದಿನ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲವೂ ಬಾಯಿಗೆ ಬಿದ್ದಿರುತ್ತವೆ. ಊಟವಾಗಿ ಒಂದೂವರೆ ಗಂಟೆ ಬಿಡುವುದು ಲೇಸು. ತೀರ ಹಸಿದ ಹೊಟ್ಟೆಯೂ ಒಳ್ಳೆಯದಲ್ಲ.

ಇಳಿಯುವಾಗ ಓಡುವ ಮಣೆಯನ್ನು ಹಗ್ಗ ಹಿಡಿದು ಗಕ್ಕನೆ ನಿಲ್ಲಿಸಬಾರದು, ಮಣೆ ತಿರುಚಿಕೊಂಡು ಆಯಿ ಪಕ್ಕಕ್ಕೆ ಎಸೆದಂತಾಗುತ್ತಾರೆ. ವೇಗ ತಾನಾಗಿ ಇಳಿಯಲಿ, ಕೊನೆಗೆ ಪಾದ ಮರಳಿನಲ್ಲಿ ಸವರಿ ನಿಲ್ಲಲಿ. ಮಣೆ ನಿಂತ ಮೇಲೆ ಅರ್ಧ ನಿಮಿಷ ಕೂತೇ ಇರಬೇಕು, ಹಿಂದಿನವರು ಮಣೆ ಹಿಡಿದೇ ಇರಬೇಕು. ಆಮೇಲೆ ಮುಂದಕ್ಕೆ ಸರಿದು, ಪಾದ ಮೊಣಕಾಲಿನ ಕೆಳಕ್ಕೆ ಎಳೆದುಕೊಂಡು, ಏಳಬೇಕು.

ಕೈ ಬಿಟ್ಟ ಗಳಿಗೆ

ಎರಡನೆಯ ಏರ್ಪಾಡಿನಲ್ಲಿ ಹಗ್ಗ, ಮಣೆ, ಮರಳು ಎಲ್ಲವೂ ಸರಿಯಿದ್ದವು. ಆದರೂ ಒಮ್ಮೆ ಎದೆ ಝಲ್ಲೆನಿಸಿತು. ಮೊಮ್ಮಗಳು ಎದುರಿನಿಂದ ಮೊಬೈಲ್ ಎತ್ತಿ "ಆಯಿ, ಇಲ್ಲಿ ನೋಡು" ಎಂದಳು. ಆಯಿ ನಾಚಿ, ಗಾಳಿಗೆ ಹಾರಿದ ಸೆರಗನ್ನು ಸರಿಮಾಡಿಕೊಳ್ಳಲು ಬಲಗೈ ಬಿಟ್ಟರು. ಮಣೆ ಆಗ ಮುಂದಿನ ಗೆರೆಯ ಹತ್ತಿರ. ಮೈ ಎಡಕ್ಕೆ ತಿರುಗಿತು, ಎಡಗೈಯ ಹಿಡಿತದಿಂದಷ್ಟೇ ಉಳಿದರು.

ಸೀರೆ ಉಟ್ಟ ಹಿರಿಯರಿಗೆ ಇದೇ ದೊಡ್ಡ ಅಪಾಯ, ಮತ್ತು ಯಾರ ಪಟ್ಟಿಯಲ್ಲೂ ಇದು ಇರುವುದಿಲ್ಲ. ಜೀವಮಾನವಿಡೀ ಸೆರಗು ಜಾರಿದರೆ ಕೈ ತಾನಾಗಿ ಹೋಗುತ್ತದೆ, ಯೋಚಿಸಿ ತಡೆಯುವ ಸಂಗತಿಯಲ್ಲ. ಹತ್ತುವ ಮೊದಲೇ ಸೆರಗನ್ನು ಹೆಗಲ ಮೇಲೆ ಪಿನ್ ಹಾಕಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಬೇಕು. ನೆರಿಗೆಯನ್ನು ಕಣಕಾಲಿನವರೆಗೆ ಎತ್ತಿ ಸಿಕ್ಕಿಸಿದರೆ ಮಣೆಯ ಅಡಿ ಸಿಲುಕುವುದಿಲ್ಲ. ಕನ್ನಡಕಕ್ಕೆ ದಾರ ಕಟ್ಟಬೇಕು. ಮತ್ತು ಮೊಬೈಲ್ ಬೇಡ. ಅವರು ಕೇಳಿದರೆ ಮಾತ್ರ, ಪಕ್ಕದಿಂದ, ಕರೆಯದೆ ತೆಗೆಯಬಹುದು.

ಸೊಸೆಯ "ಮಂದಿ ಏನಂದಾರು" ಇಲ್ಲಿಗೆ ಸೇರಿದ ಮಾತು. ನೋಡುವವರು ಹೆಚ್ಚಾದಷ್ಟೂ ಹಿರಿಯರು ತಮ್ಮನ್ನು ಹೊರಗಿನಿಂದ ನೋಡಿಕೊಳ್ಳತೊಡಗುತ್ತಾರೆ, ಕೈ ಸೆರಗಿಗೆ ಹೋಗುತ್ತದೆ. ಇದಕ್ಕೆ ಉಪಾಯ ಸುಲಭದ್ದೇ. ಮರುದಿನ ಬೆಳಿಗ್ಗೆ ಏಳಕ್ಕೆ, ಹುಡುಗರು ಏಳುವ ಮೊದಲು, ಓಣಿಯ ಇನ್ನಿಬ್ಬರು ಸರೀಕರನ್ನು ಸೊಸೆಯೇ ಕರೆದಳು. ಒಬ್ಬರು ಹತ್ತಿದರು, ಇನ್ನೊಬ್ಬರು ಒಲ್ಲೆನೆಂದು ನಗುತ್ತ ನೂಕಿದರು. ಮೂವರು ಹಿರಿಯರು ಸೇರಿದಲ್ಲಿ ನಾಚಿಕೆಗೆ ಜಾಗ ಇರಲಿಲ್ಲ. ಮಕ್ಕಳ ಸಾಲಿನಲ್ಲಿ "ಪಾಪ, ಆಯಿಗೂ ಒಂದು ಸರದಿ" ಎಂದು ಕೊಡುವುದಕ್ಕಿಂತ ಇದು ನೂರು ಪಾಲು ಮೇಲು.

ಆಯಿ ನಿಂತು ಜೀಕುತ್ತೇನೆಂದೂ ಕೇಳಿದರು. ಅದನ್ನು ಒಪ್ಪಲಿಲ್ಲ, ಒಪ್ಪದೆ ಇದ್ದದ್ದು ಸರಿ. ನಿಂತು ಜೀಕುವುದೆಂದರೆ ತಳದಲ್ಲಿ ಭಾರ ಹೆಚ್ಚಿರುವಾಗಲೇ ಮೊಣಕಾಲು ಮಡಚಿ ಏಳುವುದು. ಸವೆದ ಮೊಣಕಾಲಿಗೆ ಅದು ಆಗದ ಕೆಲಸ. ಬದಲಿಗೆ ಕೂತಲ್ಲೇ ಮುಂದೆ ಹೋಗುವಾಗ ಬೆನ್ನು ಹಿಂದಕ್ಕೊತ್ತಿ ಕಾಲು ಚಾಚುವುದು, ಹಿಂದೆ ಬರುವಾಗ ಮಡಚುವುದು. ಮೂರನೆಯ ಸರದಿಗೆ ಅವರು ಯಾರ ನೂಕೂ ಇಲ್ಲದೆ ರಂಗೋಲಿ ಗೆರೆ ಮುಟ್ಟಿಸಿದರು.

ಮಣೆ ಬೇಡವೆಂದವರಿಗೆ

ಜೋಕಾಲಿ ಒಲ್ಲೆನೆಂದ ಹಿರಿಯರಿಗೆ ಕೊಬ್ಬರಿ ಬಟ್ಟಲು ಚೆನ್ನಾಗಿ ಒಗ್ಗುತ್ತದೆ. ಗಟ್ಟಿ ಒಣಕೊಬ್ಬರಿಯ ಬಟ್ಟಲಿನ ತಳದ ನಡುವೆ ದಬ್ಬಣದಿಂದ ಒಂದು ಸೆಂ.ಮೀ. ಅಂತರದಲ್ಲಿ ಎರಡು ತೂತು. ಸುಮಾರು ಒಂದೂವರೆ ಮೀಟರ್ ದಪ್ಪ ನೂಲು ಪೋಣಿಸಿ ತುದಿ ಗಂಟು ಹಾಕಿ, ಎರಡು ಕೈಯ ಬೆರಳಿಗೆ ಸಿಕ್ಕಿಸಿ, ಬಟ್ಟಲನ್ನು ಇಪ್ಪತ್ತು ಸುತ್ತು ಹೊರಳಿಸಿ, ಎಳೆದು ಸಡಿಲಿಸಬೇಕು. ತೂತು ನಡುವಿನಿಂದ ಸ್ವಲ್ಪ ಸರಿದರೂ ಬಟ್ಟಲು ತೊನೆದು ಮುಖಕ್ಕೆ ಬಡಿಯುತ್ತದೆ. ಸಣ್ಣ ದಾರವಾದರೆ ಬೆರಳು ಕೊಯ್ಯುತ್ತದೆ, ಬೆರಳಿಗೆ ಬಟ್ಟೆಯ ಉಂಗುರ ಸುತ್ತಿ. ಲಿಂಬೆಹಣ್ಣನ್ನು ಕೂತಲ್ಲಿಂದಲೇ ಬುಟ್ಟಿಗೆ ಒಗೆಯುವ ಪಂದ್ಯವೂ ಆಗುತ್ತದೆ, ಬುಟ್ಟಿ 3 ಮೀಟರ್ ದೂರ, ಒಬ್ಬರಿಗೆ ಐದು ಹಣ್ಣು. ಭುಜ ಹಿಡಿದುಕೊಂಡಿರುವವರು ಕೆಳಗೈಯಿಂದ ಒಗೆಯಲಿ.

ಇದನ್ನೆಲ್ಲ ವ್ಯಾಯಾಮವೆಂದು ಹೆಸರಿಟ್ಟು ದಿನಕ್ಕಿಷ್ಟು ನಿಮಿಷ ಎಂದು ಗೋಡೆಗೆ ಚೀಟಿ ಅಂಟಿಸುವ ಆಸೆ ಮಕ್ಕಳಿಗೆ ಬರುತ್ತದೆ. ಬೇಡ. ತೊಡೆಗೆ ಬಲ ಬರಬೇಕಾದರೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಬೇರೆಯಾಗಿ ಮಾಡಿಸಿ. ಜೋಕಾಲಿಯಿಂದ ಮೊಣಕಾಲು ವಾಸಿಯಾಗದು, ಆಗಬೇಕಾಗಿಯೂ ಇಲ್ಲ.

ಹಬ್ಬ ಮುಗಿದ ಮೇಲೆ ಹಗ್ಗವನ್ನು ನೆರಳಲ್ಲಿ ಎರಡು ದಿನ ಒಣಗಿಸಿ, ಸುರುಳಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಮುಂದಿನ ಪಂಚಮಿಗೆ ಎಳೆಗಳನ್ನು ಅಲ್ಲಲ್ಲಿ ಬಿಡಿಸಿ ಒಳಗೆ ನೋಡಿ, ಪುಡಿ ಉದುರಿದರೆ ಅಥವಾ ಕಪ್ಪಗಾಗಿದ್ದರೆ ಆ ಹಗ್ಗವನ್ನು ದನ ಕಟ್ಟಲು ಕೊಡಿ. ಕೊಂಬೆಯನ್ನೂ ಹೊಸದಾಗಿ ನೋಡಬೇಕು. ಕುರ್ಚಿಯ ಪರೀಕ್ಷೆಯನ್ನೂ ಮತ್ತೆ ಮಾಡಿಸಬೇಕು: ಎಂಟು ಆರಕ್ಕೆ ಇಳಿದಿದ್ದರೆ ಮಣೆಯನ್ನು ಇನ್ನೆರಡು ಸೆಂ.ಮೀ. ಎತ್ತರಿಸಿ, ಪಕ್ಕದಲ್ಲಿ ಒಬ್ಬರ ಬದಲು ಇಬ್ಬರು ನಿಲ್ಲಿ.